‘ಸಾವಧಾನ್’ ಮತ್ತು ಮೋನಪ್ಪಣ್ಣ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕಡಬದ ಗೃಹರಕ್ಷಕ ತುಕಡಿಯ ಮುಖ್ಯಸ್ಥನಾಗಿದ್ದೆ. ಕಡಬ ಆಗ ಪುತ್ತೂರು ತಾಲೂಕಿಗೆ ಸೇರಿತ್ತು. ನಮ್ಮದು ಬಿಡುವಿನ ವೇಳೆಯ ಸೇವೆ. ವಾರವಿಡೀ ನಾನು ಪ್ರಾಥಮಿಕ ಶಾಲೆಯ ಮಾಸ್ತರ, ಭಾನುವಾರ ಬೆಳಿಗ್ಗೆ ಮಾತ್ರ ಖಾಕಿ. ಇಪ್ಪತ್ತೆರಡು ಮಂದಿಯಲ್ಲಿ ರಬ್ಬರ್ ಹಾಲು ತೆಗೆಯುವವ, ದರ್ಜಿ, ಬಸ್ ಕಂಡಕ್ಟರ್ ಎಲ್ಲರೂ ಇದ್ದರು.

ಕವಾಯತಿನ ಆಜ್ಞೆಗಳು ಹಿಂದಿಯಲ್ಲಿ. ‘ಸಾವಧಾನ್’ ಎಂದ ಕೂಡಲೇ ಹಿಮ್ಮಡಿ ಜೋಡಿಸಿ ಸೆಟೆದು ನಿಲ್ಲಬೇಕು. ಕನ್ನಡದ ಸಾವಧಾನಕ್ಕೆ ಗಡಿಬಿಡಿ ಬೇಡವೆಂದೇ ಅರ್ಥ. ಉಳಿದವರು ಹೇಗೋ ಪಳಗಿದರು. ಕುಮಾರಧಾರೆಯಲ್ಲಿ ದೋಣಿ ನಡೆಸುತ್ತಿದ್ದ ಕೋಡಿಂಬಾಳದ ಮೋನಪ್ಪನವರು ಮಾತ್ರ, ನಾನು ಗಂಟಲು ಹರಿದುಕೊಂಡರೂ, ನಿಧಾನವಾಗಿ ಕಾಲು ಎಳೆದು ತಂದು ಜೋಡಿಸುತ್ತಿದ್ದರು.

“ಎಂತ ಮೋನಪ್ಪಣ್ಣ, ನಿದ್ದೆಯಾ?”

“ಸಾವಧಾನ ಅಂತ ನೀವೇ ಹೇಳುದು. ಮತ್ತೆ ಅವಸರ ಮಾಡುದು ಹೇಗೆ ಮಾಷ್ಟ್ರೆ?”

ಸಾಲಿಗೆ ಸಾಲೇ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಮುಂಗೋಪ ನನಗೆ ಮೊದಲಿನಿಂದಲೂ ಇದ್ದದ್ದೇ.

ಆ ವರ್ಷ ಮಂಗಳೂರಿನಿಂದ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ನಮ್ಮ ತುಕಡಿಯನ್ನು ಉಳಿಸಬೇಕೋ ಪುತ್ತೂರಿನದರ ಜೊತೆ ಸೇರಿಸಬೇಕೋ ಎಂದು ತೀರ್ಮಾನಿಸುವವರು ಅವರೇ. ಸೇರಿಸಿಬಿಟ್ಟರೆ ನೆರೆಯ ಹೊತ್ತಿಗೆ ಇಲ್ಲಿ ಕೇಳುವವರಿಲ್ಲ. ಮುನ್ನಾದಿನ ನಾನು ಮೋನಪ್ಪನವರ ಮನೆಗೆ ಹೋಗಿ, “ನಾಳೆ ಒಂದು ದಿನ ಬರ್ಬೇಡಿ” ಎಂದೆ. ಅವರು ಒಳಗೆ ಹೋಗಿ, ಪಾಲಿಶ್ ಮಾಡಿಟ್ಟಿದ್ದ ಬೂಟು ತಂದು ನನ್ನ ಮುಂದಿಟ್ಟರು.

“ಬೇರೆ ಯಾರಿಗಾದ್ರೂ ಆಗ್ತದೆ, ಕೊಂಡೋಗಿ.”

ಕವಾಯತು ಅಚ್ಚುಕಟ್ಟಾಗಿ ನಡೆಯಿತು. ಅಧಿಕಾರಿ ಮೆಚ್ಚಿ ತಲೆದೂಗಿ, ಸಾಲಿನ ಮುಂದೆ ನಿಂತು ಕೇಳಿದರು: “ಹೊಳೆ ಉಕ್ಕಿದಾಗ ಆಚೆ ದಡದವರನ್ನು ಕರೆತರುವವರು ಯಾರು?”

“ಮೋನಪ್ಪಣ್ಣ, ಸಾರ್” ಎಂದ ಕಂಡಕ್ಟರ್ ಹಮೀದ್. ಉಳಿದವರೂ ಹೌದೆಂದರು.

“ಮೋನಪ್ಪ, ಒಂದು ಹೆಜ್ಜೆ ಮುಂದೆ ಬನ್ನಿ.”

ಯಾರೂ ಅಲ್ಲಾಡಲಿಲ್ಲ. ಎಲ್ಲರ ಕಣ್ಣು ನನ್ನ ಮೇಲೆ. “ಬರಬೇಡಿ ಎಂದು ನಾನೇ ಹೇಳಿದೆ, ಸಾರ್” ಎಂದು ಒಪ್ಪಿಕೊಂಡೆ.

ತುಕಡಿ ಉಳಿಯಿತು. ಸಂಜೆ ಬೂಟು ಹಿಡಿದುಕೊಂಡು ಮತ್ತೆ ಕೋಡಿಂಬಾಳಕ್ಕೆ ಹೋಗಿ ತಪ್ಪಾಯಿತೆಂದೆ.

“ನೆರೆ ಬಂದ್ರೆ ಹೇಳಿ ಕಳ್ಸಿ ಮಾಷ್ಟ್ರೆ, ಬರ್ತೇನೆ. ಸಾಲಿನಲ್ಲಿ ನಿಲ್ಲುದು ಮಾತ್ರ ಇನ್ನು ಬೇಡ.”

ಮರುವರ್ಷದ ಆಟಿ ತಿಂಗಳ ಮಳೆಗೆ ಹೊಳೆ ಉಕ್ಕಿದಾಗ ಹೇಳಿ ಕಳಿಸಿದೆ. ಬರಿಗಾಲಲ್ಲಿ ಬಂದು, ಆಚೆ ದಡದ ಹನ್ನೊಂದು ಮಂದಿಯನ್ನು ದಾಟಿಸಿ, ಚಹಾಕ್ಕೂ ನಿಲ್ಲದೆ ಮನೆಗೆ ಹೋದರು. ವರದಿ ಬರೆಯಲು ಕೂತೆ. ದಳದವರ ಹೆಸರು ಮಾತ್ರ ಬರೆಯಬೇಕೆಂಬುದು ನಿಯಮ, ಮೋನಪ್ಪನವರು ದಳ ಬಿಟ್ಟಾಗಿತ್ತು. ತುಕಡಿ ಯಾತಕ್ಕಾಗಿ ಇದೆ ಎಂಬುದನ್ನೇ ಮರೆತು ತುಕಡಿಯನ್ನು ಉಳಿಸಲು ಹೊರಡಬಾರದೆಂದು ನಾನು ಕಲಿತದ್ದು, ಅವರ ಹೆಸರಿಲ್ಲದ ಆ ವರದಿಗೆ ಸಹಿ ಹಾಕುವಾಗ.