ಎಡಗೈಗೂ ಬಲಗೈಗೂ ಗೊತ್ತಿಲ್ಲದ ಪೆಟ್ಟು

ಬೆಳಗಿನ ಐದೂಕಾಲು. ಕೋಲಾರದ ಖಾಸಗಿ ಪಾಲಿಟೆಕ್ನಿಕ್ಕೊಂದರ ಹಿಂಬದಿಯ ಕೋಣೆಯಲ್ಲಿ ಶರೀಫುನ್ನೀಸಾ ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ತೆಗೆದು ಮಡಚಿಡುತ್ತಾರೆ. ನಮಾಜು ಮುಗಿಸಿ ಬಂದವರ ತಲೆಯ ಮೇಲಿನ ಸೆರಗು ಇನ್ನೂ ಹಾಗೇ ಇದೆ. ಟೇಪ್‌ರೆಕಾರ್ಡರಿನ ಗುಂಡಿ ಒತ್ತುತ್ತಾರೆ. ಪ್ರೋಗ್ರಾಮ್ ತುಂಬಿದ ಕ್ಯಾಸೆಟ್ಟು ಐದು ನಿಮಿಷ ಕೀರಲು ದನಿಯಲ್ಲಿ ಅರಚಿ ಸುಮ್ಮನಾಗುತ್ತದೆ. ಕಂಪ್ಯೂಟರಿಗೆ ಜೋಡಿಸಿದ ಟೀವಿಯ ಪರದೆಯಲ್ಲಿ ಆಟದ ಹಾಸು ಮೂಡುತ್ತದೆ. ಕಪ್ಪು ಹದಿನೈದು ಕಾಯಿ, ಬಿಳಿ ಹದಿನೈದು. ದಾಳ ಹಾಕುವುದೂ ಯಂತ್ರ, ಕಾಯಿ ನಡೆಸುವುದೂ ಯಂತ್ರ. ಎರಡೂ ಕಡೆಗೆ ಅದೇ ಆಡುತ್ತದೆ. ಯಾವ ಬಣ್ಣ ಗೆದ್ದಿತೆಂದು ಬರೆದಿಡುವುದು ಈಕೆಯ ಕೆಲಸ.

ಈ ಹೊತ್ತಿನಲ್ಲಿ ಕರೆಂಟು ಏರುಪೇರಿಲ್ಲದೆ ಬರುತ್ತದೆ. ಎಂಟೂವರೆಯೊಳಗೆ ಹದಿನೆಂಟು ಆಟ ಮುಗಿಯುತ್ತವೆ. ಆಮೇಲೆ ಈಕೆ ಪೊರಕೆ ಹಿಡಿಯುತ್ತಾರೆ. ಹುದ್ದೆಯ ಪ್ರಕಾರ ಇವರು ಅಟೆಂಡರು, ವಯಸ್ಸು ಐವತ್ತೊಂದು. ರೇಷ್ಮೆ ನೂಲು ತೆಗೆಯುತ್ತಿದ್ದ ಗಂಡ ಮೆಹಬೂಬ್ ಪಾಷಾ ೧೯೭೯ರಲ್ಲಿ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದವರು.

ಆಟದ ಹೆಸರು ಬ್ಯಾಕ್‌ಗ್ಯಾಮನ್. ನಮ್ಮ ಪಗಡೆಗೆ ಹತ್ತಿರದ ನೆಂಟ. ಕಾಯಿಗಳನ್ನು ಕೊನೆಯ ಆರು ಮನೆಗಳಿಗೆ ತಂದು, ಅಲ್ಲಿಂದ ಮೊದಲು ಹೊರಗೆ ದಾಟಿಸಿದವರು ಗೆದ್ದ ಹಾಗೆ. ದಾರಿಯಲ್ಲಿ ಒಂಟಿ ಕಾಯಿ ಸಿಕ್ಕರೆ ಎದುರಾಳಿ ಹೊಡೆಯಬಹುದು; ಪೆಟ್ಟು ತಿಂದ ಕಾಯಿ ಮೊದಲಿನಿಂದ ನಡೆದು ಬರಬೇಕು. ಮುಳಬಾಗಿಲು ಕಡೆಯ ಯುವ ಉಪನ್ಯಾಸಕ ಅಶ್ವತ್ಥಪ್ಪ ಪುಸ್ತಕ ನೋಡಿ ಇದರ ಪ್ರೋಗ್ರಾಮ್ ಬರೆದಿದ್ದಾರೆ. ಆಡಿಸಿ ನೋಡಲು ಈ ಊರಿನಲ್ಲಿ ಆಟ ಬಲ್ಲವರು ಯಾರೂ ಇಲ್ಲವೆಂದುಕೊಂಡು, ಯಂತ್ರವನ್ನು ಅದರೊಡನೆಯೇ ಆಡಲು ಬಿಟ್ಟರು. ಬಲ್ಲವರೊಬ್ಬರು ಅದೇ ಕೋಣೆಯ ಕಸ ಗುಡಿಸುತ್ತಿದ್ದರು.

"ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಎನ್ನುತ್ತಾರೆ ಶರೀಫುನ್ನೀಸಾ.

ಅವರ ತಂದೆ ಹಡಗಿನಲ್ಲಿ ಅಡುಗೆಯವರು. ಬಸ್ರಾದಿಂದ ಒಂದು ಮಡಚುವ ಹಾಸು ತಂದು ಮಗಳಿಗೆ ಆಟ ಕಲಿಸಿದರು. ಅವರು ಸಮುದ್ರಕ್ಕೆ ಹೋದರೆ ಹನ್ನೊಂದು ತಿಂಗಳು ಬರುತ್ತಿರಲಿಲ್ಲ. ಅಷ್ಟೂ ದಿನ ಹುಡುಗಿ ಬಲಗೈಗೆ ಕಪ್ಪು, ಎಡಗೈಗೆ ಬಿಳಿ ಎಂದು ಒಬ್ಬಳೇ ಆಡುತ್ತಿದ್ದಳು. "ಭಾರಿ ಆಟಗಾರ್ತಿ ಆಗ್ಬಿಟ್ಟೆ ಅನ್ಕೊಂಡಿದ್ದೆ. ಅಬ್ಬಾ ಬಂದು ಮೊದಲ್ನೇ ಆಟದಲ್ಲೇ ಮಣ್ಣು ಮುಕ್ಕಿಸಿದ್ರು. ಬಲಗೈಗೆ ಗೊತ್ತಿಲ್ದೇ ಇರೋ ಪೆಟ್ಟು ಎಡಗೈಗೂ ಗೊತ್ತಿರಲ್ವಲ್ಲ!"

ಕಂಪ್ಯೂಟರು ಬೆಂಗಳೂರಿನ ಸಮಿತಿಯೊಂದು ಒಂದು ವರ್ಷಕ್ಕೆಂದು ಕೊಟ್ಟದ್ದು. ಪ್ರೋಗ್ರಾಮ್ ಮೆಚ್ಚಿಗೆಯಾದರೆ ಇಲ್ಲೇ ಉಳಿಯುತ್ತದೆ; ಇಲ್ಲವಾದರೆ ಬೇರೆ ಕಾಲೇಜಿಗೆ ಹೋಗುತ್ತದೆ. ಮೊದಮೊದಲು ಪರದೆಯಲ್ಲಿ ಗೆದ್ದ ಬಣ್ಣದ ಹೆಸರಷ್ಟೇ ಬರುತ್ತಿತ್ತು. ಸಮಿತಿಯವರು ಬರಲು ಒಂದು ವಾರವಿದ್ದಾಗ ಅಶ್ವತ್ಥಪ್ಪ ಹಾಸೂ ಕಾಣುವಂತೆ ಮಾಡಿದರು. ಅಂದೇ ಶರೀಫುನ್ನೀಸಾ ತಪ್ಪನ್ನು ಕಂಡರು. ಕಂಡು ಎರಡು ದಿನ ಬಾಯಿ ಬಿಡಲಿಲ್ಲ. "ಹೇಳಿದ್ರೆ ಮಿಷನ್ನು ಹೋಗ್ತದೆ. ಅಬ್ಬಾ ತೀರ್ಕೊಂಡ್ಮೇಲೆ ಅಂಥ ಹಾಸಿನ ಮುಂದೆ ನಾನು ಕೂತಿದ್ದು ಇಲ್ಲೇ." ಮೂರನೆಯ ದಿನ ನಮಾಜಿನಲ್ಲಿ ಮನಸ್ಸು ನಿಲ್ಲಲಿಲ್ಲವಂತೆ. ಎದ್ದು ಬಂದು ಹೇಳಿಬಿಟ್ಟರು.

"ಸಾರ್, ಕೊನೇ ಆರು ಮನೇಲಿ ಕೂತಿರೋ ಒಂಟಿ ಕಾಯಿನ ನಿಮ್ ಮಿಷನ್ನು ಹೊಡಿಯೋದೇ ಇಲ್ಲ."

ಅಶ್ವತ್ಥಪ್ಪ ನಕ್ಕರು. "ಮನೆ ಸೇರಿದ ಕಾಯಿನ ಹೊಡಿಯೋದಾ ಶರೀಫಮ್ಮ? ನಮ್ಮಜ್ಜಿ ಕೇಳಿದ್ರೆ ಹಾಸೇ ಎತ್ತಿ ಎಸೀತಿದ್ಲು!"

"ನಿಮ್ಮಜ್ಜಿ ಆಡಿದ್ದು ಚೌಕಾಬಾರ ಸಾರ್. ಅದ್ರಲ್ಲಿ ಗೀಟು ಹಾಕಿದ ಮನೇಲಿ ಕೂತ್ರೆ ಯಾರೂ ಮುಟ್ಟಲ್ಲ. ಇದು ಬೇರೆ."

"ಲೆಕ್ಕ ನೀವೇ ಬರ್ದಿದ್ದಲ್ವಾ? ಒಂಬೈನೂರು ಆಟ. ಕಪ್ಪು ನಾನೂರ ಐವತ್ತೆರಡು, ಬಿಳಿ ನಾನೂರ ನಲವತ್ತೆಂಟು. ತಕ್ಕಡೀಲಿ ತೂಗ್ದಂಗಿದೆ."

"ಇಬ್ರೂ ಒಂದೇ ತಪ್ಪು ಮಾಡಿದ್ರೆ ತಕ್ಕಡಿ ಹೆಂಗ್ ಅಲ್ಲಾಡ್ತದೆ ಸಾರ್?"

ಮರುದಿನ ಬೆಳಿಗ್ಗೆ ಶರೀಫುನ್ನೀಸಾರ ತಂದೆಯ ಹಾಸು ಬಟ್ಟೆಯಲ್ಲಿ ಸುತ್ತಿಕೊಂಡು ಬಂತು. ಅಶ್ವತ್ಥಪ್ಪ ಎರಡು ಆಟ ಸೋತರು. ಮೂರನೆಯದರಲ್ಲಿ, ಮನೆ ಸೇರಿತೆಂದು ಕೈಬಿಟ್ಟಿದ್ದ ಕಾಯಿಗೆ ಪೆಟ್ಟು ಬಿದ್ದಾಗ ಪುಸ್ತಕ ತೆಗೆದರು. ನಿಯಮ ಅಲ್ಲೇ ಅಚ್ಚಾಗಿತ್ತು. "ಹತ್ ಸಲ ಓದಿದ್ದೀನಿ ಕಣಮ್ಮ" ಎಂದು ತಲೆ ಕೆರೆದುಕೊಂಡರು, "ಕಣ್ಣು ಓದ್ತು, ಕೈ ಅಜ್ಜಿ ಹೇಳಿದ್ನೇ ಬರೀತು."

ಸಮಿತಿಯ ಮುಂದೆ ಅಶ್ವತ್ಥಪ್ಪ ತಪ್ಪನ್ನು ಮುಚ್ಚಿಡಲಿಲ್ಲ. ತಿದ್ದಿದ ಪ್ರೋಗ್ರಾಮಿನಲ್ಲಿ ಮತ್ತೆ ಸಾವಿರ ಆಟ ಆಡಿಸಿ ಲೆಕ್ಕ ಕಳುಹಿಸಬೇಕು, ಅಲ್ಲಿಯವರೆಗೆ ಯಂತ್ರ ಇಲ್ಲಿರಲಿ ಎಂದು ಹೇಳಿ ಸಮಿತಿಯವರು ಹೋದರು. ಮುಂದಿನದು ಇನ್ನೂ ತೀರ್ಮಾನವಾಗಿಲ್ಲ. ಕಳುಹಿಸಬೇಕಾದ ನಮೂನೆಯಲ್ಲಿ ಪರೀಕ್ಷಕರ ಹೆಸರಿಗೆ ಜಾಗವಿದೆ. ಅಲ್ಲಿ ಆಫೀಸಿನವರು ‘ಸ್ವತಃ ಯಂತ್ರವೇ’ ಎಂದು ಟೈಪು ಮಾಡಿದ್ದಾರೆ. ಅದನ್ನು ಶರೀಫುನ್ನೀಸಾ ನೋಡಿದ್ದಾರೆ.

ಇಂದು ಆರುನೂರ ಹನ್ನೆರಡನೆಯ ಆಟ. ಬಿಳಿಯ ಕೊನೆಯ ಆರು ಮನೆಗಳೊಂದರಲ್ಲಿ ಅದರದೇ ಒಂದು ಒಂಟಿ ಕಾಯಿ. ಕಪ್ಪಿಗೆ ಮೂರು, ಐದು ಬಿದ್ದಿದೆ. ಯಂತ್ರ ಒಂದಿಷ್ಟು ಹೊತ್ತು ಯೋಚಿಸಿ ಹೊಡೆಯುತ್ತದೆ. ಪೆನ್ಸಿಲು ಹಿಡಿದ ಕೈ ಅರೆಗಳಿಗೆ ನಿಲ್ಲುತ್ತದೆ.

ಆಸೆ ಏನಾದರೂ ಉಂಟೇ ಎಂದರೆ ಸೆರಗು ಸರಿಮಾಡಿಕೊಳ್ಳುತ್ತಾರೆ. "ಸಾವಿರ ಮುಗಿದ ದಿನ, ಮಿಷನ್ನು ಇದ್ರೂ ಸರಿ, ಹೋದ್ರೂ ಸರಿ, ಅದ್ರ ಜತೆ ಒಂದಾಟ ನಾನು ಆಡ್ಬೇಕು. ಬೇಕಂತಲೇ ಮನೇಲಿ ಒಂದು ಕಾಯಿ ಒಂಟಿ ಬಿಡ್ತೀನಿ. ಅದು ನನ್ನನ್ನ ಹೊಡೀಬೇಕು. ಹೊಡೆದ್ರೆ, ಅಬ್ಬಾ ಕಲಿಸಿದ್ದು ಅದಕ್ಕೂ ಬಂತು ಅಂತ ಲೆಕ್ಕ."