ಉಲ್ಕೆ ಕೊಯ್ಯಲು ಒಳ್ಳೆಯ ದಿನ

ಇವತ್ತು ಬೆಳಿಗ್ಗೆ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ, ಗೆಳೆಯ ಮೆಹಬೂಬನ ಲೇತ್ ಅಂಗಡಿಯೊಳಗೆ ಕಾಲಿಟ್ಟೊಡನೆ ಆಸಿಡ್ಡಿನ ಘಾಟು ಮೂಗಿಗೆ ಬಡಿಯಿತು. ನನಗೆ ಮೊದಲು ಬಂದದ್ದು ಸೀನು, ಆಮೇಲೆ ಸಿಟ್ಟು. ಈ ವಾಸನೆ ಎಷ್ಟೋ ವರ್ಷ ಮೊದಲೇ ಬರಬೇಕಿತ್ತು!

ಸಿಟ್ಟು ಶಿವಪ್ಪ ಕಾಕಾನ ಮೇಲೆ. ದೇಶಪಾಂಡೆ ನಗರದ ಈ ಅರಳೆ ವ್ಯಾಪಾರಿಗೆ ಉಲ್ಕೆಯ ಕಬ್ಬಿಣ ಕೂಡಿಹಾಕುವ ಹುಚ್ಚು. ನೀವು ನೋಡಿರಲಿಕ್ಕಿಲ್ಲ, ಆಕಾಶದಿಂದ ಬಿದ್ದ ಆ ಕಬ್ಬಿಣವನ್ನು ಕೊಯ್ದು, ನುಣ್ಣಗೆ ಉಜ್ಜಿ, ಆಸಿಡ್ ಸವರಿದರೆ ಒಳಗಿನಿಂದ ಪಟ್ಟಿಗಳು ಮೂಡುತ್ತವೆ, ಹೆಣೆದ ಚಾಪೆಯ ಹಾಗೆ. ಲಕ್ಷಾಂತರ ವರ್ಷ ನಿಧಾನವಾಗಿ ಆರಿದರೆ ಮಾತ್ರ ಬರುವ ಹೆಣಿಗೆ ಅದು. ನಮ್ಮ ಯಾವ ಕುಲುಮೆಗೂ ಅಷ್ಟು ತಾಳ್ಮೆಯಿಲ್ಲ. ನನಗಂತೂ ಚಹಾ ಆರುವಷ್ಟೂ ಇಲ್ಲ.

ಭಾನುವಾರ ಬೆಳಗಾವಿ, ಪುಣೆಯಿಂದ ಅಂಥವೇ ಹುಚ್ಚರು ಕಾಕಾನ ಮನೆಗೆ ಬರುತ್ತಿದ್ದರು. ತಂತಮ್ಮ ಉಲ್ಕೆಯಿಂದ ಕೊಯ್ದ ಬಿಲ್ಲೆಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು "ವಾಹ್!" ಎನ್ನುವರು. ಕಾಕಾ ಎಲ್ಲರದನ್ನೂ ಹೊಗಳುವರು. ತಮ್ಮ ಕೊಯ್ಯದ ಗುಂಡನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಸವರುತ್ತ ಕೂಡುವರು.

"ಯಾವಾಗ ಕೊಯ್ಸೋದ್ರಿ ಕಾಕಾ?" ಎಂದು ನಾನು ಪ್ರತಿ ಸಲ ಕೇಳುತ್ತಿದ್ದೆ.

"ಛಲೋ ದಿನ ನೋಡಿ ಕೊಯ್ಸೂಣು. ಯಾಕ ಹಂಗ ಒದ್ದಾಡ್ತಿ?"

ಸೋಮವಾರ ಎತ್ತಿನ ಹೆಗಲಿಗೇ ನೊಗ ಇಡದ ಮನೆತನ, ಇನ್ನು ಗರಗಸ ಹಿಡಿಯುವುದುಂಟೇ? ಶನಿವಾರ ಕಬ್ಬಿಣದ ಮಾತೇ ಬೇಡ. ಶುಕ್ರವಾರ ಮೆಹಬೂಬನ ಅಂಗಡಿ ಬಂದ್. ಉಳಿದ ವಾರಗಳಲ್ಲಿ ಅಮಾವಾಸ್ಯೆಯೋ, ಅರಳೆಯ ಸುಗ್ಗಿಯೋ ಅಡ್ಡ ಬರುತ್ತಿತ್ತು. ನಾನು ಅವರ ಕ್ಯಾಲೆಂಡರ್ ಹರಿದು ಒಗೆಯುವುದೊಂದು ಬಾಕಿಯಿತ್ತು.

ಅಷ್ಟರಲ್ಲಿ ಕಾಕಾನ ಕಣ್ಣಿನ ನರ ಒಣಗುತ್ತ ಬಂತು. ಹೋದ ದೃಷ್ಟಿ ತಿರುಗಿ ಬಾರದೆಂದರು ಡಾಕ್ಟರು. ಮೊನ್ನೆ ಕಾಕಾನೇ ಫೋನು ಮಾಡಿದರು: "ಯಾವ ವಾರರ ಇರಲಿ, ಲಗೂ ಕೊಯ್ಸಿಬಿಡೂಣು. ಇನ್ನೂ ಸ್ವಲ್ಪ ಕಾಣಾಕತ್ತೈತಿ."

ಇವತ್ತು ಮೆಹಬೂಬ ಆ ಗುಂಡಿನಿಂದ ಕೊಯ್ದ ಬಿಲ್ಲೆಯನ್ನು ಆಸಿಡ್ಡಿನಿಂದೆತ್ತಿ, ತೊಳೆದು, ಒರೆಸಿ, ಅಂಗಡಿಯಲ್ಲಿ ಕಾಕಾ ಕೂತಲ್ಲಿಗೆ ತಂದ. "ಬಂತ್ರಿ ಕಾಕಾ! ಏನ್ ಚಂದ ಬಂದೈತಿ ನೋಡ್ರಿ!"

ಕಾಕಾ ಅದನ್ನು ಬೆಳಕಿಗೆ ಹಿಡಿದರು, ಓರೆ ಮಾಡಿದರು, ಮೂಗಿನ ತನಕ ತಂದರು.

"ಬೆಳ್ಳಗ ಕಾಣ್ತೈತಿ," ಎಂದರು. "ಅಷ್ಟ."

ಬೈಯಲು ಬಂದ ನಾನು ಅವರ ಕೈ ಹಿಡಿದು ಬಿಲ್ಲೆಯನ್ನು ಇನ್ನಷ್ಟು ಬೆಳಕಿಗೆ ತಿರುಗಿಸಿದೆ. ಮೆಹಬೂಬ ಮುಖ ತಿರುಗಿಸಿಕೊಂಡ.

"ಗೆರಿ ಹೆಂಗ ಅದಾವ, ನೀ ಹೇಳು," ಎಂದರು ಕಾಕಾ ನನಗೆ.

"ಅಡ್ಡ, ಉದ್ದ, ಒಂದರ ಮ್ಯಾಲೊಂದು..."

"ಹಂಗ ಓಡಬ್ಯಾಡೋ. ಒಂದೊಂದ ಗೆರಿ ಹೇಳು. ನಾ ಕೇಳ್ತೇನಿ."

ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಅವರ ಬೆರಳು ಹಿಡಿದು ಬಿಲ್ಲೆಯ ಎಡಗಡೆಯ ಅಂಚಿನ ಮೇಲಿಟ್ಟು, ಅಲ್ಲಿಂದ ಶುರುಮಾಡಿದೆ. ಮಧ್ಯಾಹ್ನವಾದರೂ ಬಿಲ್ಲೆಯ ಅರ್ಧಕ್ಕೆ ಬಂದಿರಲಿಲ್ಲ, ಕಾಕಾ "ಮುಂದ?" ಎನ್ನುತ್ತಲೇ ಇದ್ದರು.