ಬೆನ್ನು ಸಾರ್

ಪಂದ್ಯ ನಡೆಯುವಾಗ ನನ್ನ ಮಾವನ ಮುಖ ಹೇಗಿರುತ್ತದೆ ಎಂದು ಈ ಇಡೀ ಕಾಲೇಜಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಉಳಿದವರಿಗೆಲ್ಲ ಕಾಣುತ್ತಿದ್ದದ್ದು ಅವರ ಬೆನ್ನು.

ನಮ್ಮ ಕ್ವಾರ್ಟರ್ಸ್ ಇರುವುದು ಆಟದ ಮೈದಾನದ ಅಂಚಿಗೇ. ಅಡುಗೆಮನೆಯ ಕಿಟಕಿ ತೆರೆದರೆ ಮೊದಲು ಬಟ್ಟೆ ಒಣಹಾಕುವ ತಂತಿ, ಅದರಾಚೆ ಸೊಂಟದೆತ್ತರದ ಗೋಡೆ, ಗೋಡೆಯಾಚೆ ಸುಣ್ಣದ ಗೆರೆ. ಆ ಗೆರೆಯ ಪಕ್ಕದಲ್ಲಿ ಮಾವ ನಿಲ್ಲುವುದು. ಅವರು ಕಾಲೇಜಿನ ಫುಟ್‌ಬಾಲ್ ಕೋಚ್. ಹುಡುಗರು ಎದುರಿಗೆ ಸಾರ್ ಎನ್ನುತ್ತಾರೆ, ಮರೆಯಲ್ಲಿ ಬೆನ್ನು ಸಾರ್ ಎನ್ನುತ್ತಾರೆ. ಕ್ಯಾಂಟೀನಿನ ಗೋಡೆಯ ಮೇಲೆ ಇದ್ದಿಲಲ್ಲಿ ಬರೀ ಒಂದು ಬೆನ್ನಿನ ಚಿತ್ರ ಬರೆದು, ಕೆಳಗೆ 'ನಮ್ಮ ಕೋಚ್, ಮುಂಭಾಗದಿಂದ' ಎಂದು ಯಾರೋ ಗೀಚಿದ್ದಾರೆ. ಹಾಲು ತರಲು ಹೋದಾಗಲೆಲ್ಲ ನಾನು ಅದನ್ನು ನೋಡದ ಹಾಗೆ ನಡೆಯುತ್ತೇನೆ.

ಹೆಸರು ಬಂದದ್ದು ಅವರ ಪದ್ಧತಿಯಿಂದ. ಆಟಗಾರ ತಪ್ಪು ಮಾಡಿದರೆ ಮಾವ ಬೈಯುವುದಿಲ್ಲ, ಕೂಗುವುದಿಲ್ಲ. ಎರಡೂ ಕೈ ಹಿಂದೆ ಕಟ್ಟಿ ಮೈದಾನಕ್ಕೆ ಬೆನ್ನು ಹಾಕಿ ನಿಂತುಬಿಡುತ್ತಾರೆ. ಆ ಹುಡುಗ ತನ್ನ ತಪ್ಪನ್ನು ತೊಳೆದುಕೊಳ್ಳುವಂಥ ಆಟ ಆಡಿದ ಮೇಲೆಯೇ ತಿರುಗುವುದು. ತಿರುಗಿದರೆ ಕ್ಷಮಿಸಿದರು ಎಂದರ್ಥ. ಹುಡುಗರಿಗೆ ಕಾಲೇಜಿನ ಪರೀಕ್ಷೆಯ ಫಲಿತಾಂಶಕ್ಕಿಂತ ದೊಡ್ಡದು ಆ ತಿರುಗುವಿಕೆ. ಕೊನೆಪಕ್ಷ ಒಂದು ಕಾಲದಲ್ಲಿ ಹಾಗಿತ್ತು.

ಇದು ಶುರುವಾದ ಕಥೆಯನ್ನು ಅತ್ತೆ ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ಹೇಳಿದರು. "ನಿಮ್ಮ ಮಾವ ಕಾರ್ಖಾನೆ ತಂಡದಲ್ಲಿ ಆಡ್ತಿದ್ದಾಗ ಬಾಯಿ ಅಂದ್ರೆ ಬಚ್ಚಲು. ಮಂಡಿ ಮುರ್ಕೊಂಡು ಇಲ್ಲಿ ಕೋಚ್ ಆದ್ರು. ಬಂದ ವರ್ಷವೇ ಒಬ್ಬ ಹುಡುಗನಿಗೆ ಅವನ ತಂದೆತಾಯಿ ಎಲ್ಲ ಸೇರಿಸಿ ಬೈದ್ರು. ಆ ಹುಡುಗ ಬೂಟು ಬಿಚ್ಚಿ ಗೆರೆ ಮೇಲಿಟ್ಟು ಹೊರಟೋದ. ಕಾಲೇಜಿಗೇ ಬರಲಿಲ್ಲ ಆಮೇಲೆ. ಅವತ್ತಿಂದ ಸಿಟ್ಟು ಬಂದ್ರೆ ಬಾಯಿ ಬಿಡಬಾರದು ಅಂತ ಆ ಕಡೆ ತಿರುಗೋದು. ಒಳ್ಳೇದಕ್ಕೇ ಶುರು ಮಾಡಿದ್ದು ಕಣಮ್ಮ." ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ ಸೇರಿಸಿದರು: "ಆಮೇಲೆ ಮನೇಲೂ ಅದೇ ಆಯ್ತು. ಅಡುಗೆಗೆ ಉಪ್ಪು ಜಾಸ್ತಿಯಾದ್ರೆ ಗೋಡೆ ನೋಡ್ಕೊಂಡು ಊಟ. ನಾನು ಗೋಡೆಗೇ ಬಡಿಸೋದು ಕಲಿತೆ."

ಬೈಗುಳವನ್ನಾದರೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದು, ಬೆನ್ನನ್ನು ಎಲ್ಲಿ ಬಿಡುವುದು? ಹುಡುಗರು ಹುಚ್ಚು ಹಿಡಿದವರಂತೆ ಆಡಿದರು. ಮೂರು ಸಲ ಲೀಗಿನ ಕಪ್ಪು ಗೆದ್ದರು. ಸಾರ್ ಬೆನ್ನು ಹಾಕಿದರೆ ಕಪ್ಪು ಬರುತ್ತದೆ ಎಂದು ಊರೆಲ್ಲ ನಂಬಿತು. ಕೊನೆಗೆ ಸಾರ್ ಕೂಡ ನಂಬಿದರು.

ನಾನು ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಕಪ್ಪುಗಳಿಗೆ ಧೂಳು ಹಿಡಿದಿತ್ತು. ತಂಡ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿತ್ತು. ಮಾವ ತಪ್ಪಿಗೆ ಕಾಯುವುದನ್ನೂ ಬಿಟ್ಟಿದ್ದರು. ಎದುರಾಳಿಗಳು ಚೆಂಡಿನೊಂದಿಗೆ ನಮ್ಮ ಗೋಲಿನ ಕಡೆ ಓಡಿ ಬಂದರೆ ಸಾಕು, ತಿರುಗಿಬಿಡುತ್ತಿದ್ದರು. ಹಾಗೆ ತಿರುಗಿದಾಗ ಅವರ ಮುಖ ನೇರ ನಮ್ಮ ಕಿಟಕಿಗೆ. ಸಿಟ್ಟಿನ ಮುಖ ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿ ಸಿಟ್ಟಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಹಿಂದೆ ಕೂಗಾಟ ಏರಿದ ಹಾಗೆ ಭುಜಗಳು ಕಿವಿಯವರೆಗೆ ಏರುತ್ತಿದ್ದವು. ನನ್ನ ಮಗ ಸೂಜಿ ಚುಚ್ಚಿಸಿಕೊಳ್ಳುವಾಗ ಹೀಗೇ ಮಾಡುತ್ತಾನೆ. ಅಷ್ಟು ದೊಡ್ಡ ಮನುಷ್ಯ, ಅರ್ಧ ಪಂದ್ಯ ಹೀಗೆ ಹೆದರಿಕೊಂಡು ನಿಲ್ಲುತ್ತಿದ್ದರು. ಜನ ಅದನ್ನು ಅಹಂಕಾರ ಎನ್ನುತ್ತಿದ್ದರು.

ಇದನ್ನು ಯಾರಿಗೆ ಹೇಳುವುದು? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ಈ ವರ್ಷ ಗೋಲ್‌ಕೀಪರ್ ಆಗಿದ್ದವನು ಒಬ್ಬ ಉದ್ದನೆಯ, ಸಣಕಲು ಹುಡುಗ. ಎಲ್ಲರೂ ಕೊಕ್ಕರೆ ಎನ್ನುತ್ತಾರೆ. ಮೊದಲ ಪಂದ್ಯದಲ್ಲೇ ಕೈಗೆ ಬಂದ ಚೆಂಡನ್ನು ಜಾರಿಸಿದ. ಅವತ್ತಿನಿಂದ ಮಾವ ಅವನ ಕಡೆ ತಿರುಗಲೇ ಇಲ್ಲ. ಅಭ್ಯಾಸದಲ್ಲೂ ಇಲ್ಲ, ದಾರಿಯಲ್ಲಿ ಸಿಕ್ಕರೂ ಇಲ್ಲ. ಹುಡುಗ ಬೆಳಗಿನ ಹೊತ್ತು ಒಬ್ಬನೇ ಬಂದು ಗೋಡೆಗೆ ಚೆಂಡು ಹೊಡೆದು ಹಿಡಿಯುತ್ತಿದ್ದ. ಪ್ರತಿ ಸಲ ಹಿಡಿದಾಗಲೂ ನಮ್ಮ ಬಾಗಿಲ ಕಡೆ ನೋಡುತ್ತಿದ್ದ. ಮಾವ ಒಳಗೆ ಪೇಪರ್ ಓದುತ್ತಿದ್ದರು, ಅಥವಾ ಓದುವವರ ಹಾಗೆ ಕೂತಿರುತ್ತಿದ್ದರು.

ಹುಡುಗರು ಪ್ರಿನ್ಸಿಪಾಲರಿಗೆ ದೂರು ಕೊಟ್ಟರು. ಕೋಚ್ ನಮ್ಮನ್ನು ಮನುಷ್ಯರ ಹಾಗೆ ನೋಡುವುದಿಲ್ಲ, ಅಸಲಿಗೆ ನೋಡುವುದೇ ಇಲ್ಲ ಎಂದು. ಪ್ರಿನ್ಸಿಪಾಲರು ಒಂದು ಸಂಜೆ ನಮ್ಮ ಬಾಗಿಲಲ್ಲೇ ನಿಂತು ಮಾತಾಡಿದರು. "ಕೊನೇ ಪಂದ್ಯ ಡ್ರಾ ಆದ್ರೂ ಸಾಕು ಸಾರ್, ನಾವು ಲೀಗಿನ ಇದೇ ದರ್ಜೆಯಲ್ಲಿ ಉಳೀತೀವಿ. ಸೋತ್ರೆ ಕೆಳಗಿಳೀತೀವಿ. ಆಮೇಲೆ ಆಡಳಿತ ಮಂಡಳಿಯವರ ಬಾಯಿ ಮುಚ್ಚಿಸೋಕೆ ನನ್ನಿಂದ ಆಗಲ್ಲ." ಕೆಲಸ ಹೋದರೆ ಮನೆಯೂ ಹೋಗುತ್ತದೆ ಎನ್ನುವುದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮಾವ ನಿವೃತ್ತಿಯಾಗಲು ಇನ್ನೊಂದು ವರ್ಷವಿತ್ತು.

ಅದೇ ವಾರ, ಮಾವ ಕಪ್ಪು ಗೆಲ್ಲಿಸಿದ ಕಾಲದ ಕಾಲೇಜು ತಂಡದ ಕ್ಯಾಪ್ಟನ್ ಬಂದ. ಈಗ ಟೈರ್ ಅಂಗಡಿ ಇಟ್ಟಿದ್ದಾನೆ, ಉಗುರಿನ ಮಸಿ ಹೋಗುವುದೇ ಇಲ್ಲ.

"ಸಾರ್, ನಾನು ನಿಮ್ಮನ್ನ ಬೈಯೋಕೆ ಬಂದಿಲ್ಲ."

"ಬೈಯೋಕೆ ಬಂದೋರೆಲ್ಲ ಹೀಗೇ ಶುರು ಮಾಡೋದು," ಎಂದರು ಮಾವ.

"ಸರಿ, ಬೈಯೋಕೇ ಬಂದಿದ್ದೀನಿ ಅಂದ್ಕೊಳ್ಳಿ. ನೀವು ಆಟ ನೋಡಲ್ಲ, ಕೇಳಿಸ್ಕೊಳ್ತೀರಿ. ಫುಟ್‌ಬಾಲ್ ಏನು ರೇಡಿಯೋನಾ ಸಾರ್? ಎಡಗಡೆ ಡಿಫೆಂಡರ್ ಕುಂಟ್ತಾ ಆಡ್ತಿದ್ದ ಮೊನ್ನೆ. ನಿಮಗೆ ಗೊತ್ತಾ?"

ಕುರ್ಚಿಯ ಕಾಲು ನೆಲಕ್ಕೆ ಕರ್ರೆಂದು ಉಜ್ಜಿತು. ಮಾವ ಕುರ್ಚಿ ಸಮೇತ ಗೋಡೆಯ ಕಡೆ ತಿರುಗಿದ್ದರು.

ಟೈರ್ ಅಂಗಡಿಯವನು ನಕ್ಕುಬಿಟ್ಟ. "ಇದೇ ಬೆನ್ನು ನೋಡಿ ಅವತ್ತು ನಾನು ಎರಡು ಗೋಲು ಹೊಡೆದಿದ್ದೆ ಸಾರ್. ಈಗ ನನ್ನ ತಲೆ ಬೆಳ್ಳಗಾಗಿದೆ. ಈಗಿನ ಹುಡುಗರು ಬೆನ್ನು ನೋಡಿದ್ರೆ ಫೋನ್ ತೆಗೆದು ಫೋಟೋ ಹೊಡೀತಾರೆ. ಆ ಕೊಕ್ಕರೆ ಒಬ್ಬನೇ ಪಾಪ, ಇನ್ನೂ ಕಾಯ್ತಿರೋದು." ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದ. "ಕಾಫಿ ಚೆನ್ನಾಗಿತ್ತಮ್ಮ. ಸಾರ್‌ಗೆ ಹೇಳ್ಬಿಡಿ ನಾನು ಹೋದೆ ಅಂತ."

ಮಾವ ಎರಡು ಅಡಿ ದೂರದಲ್ಲೇ ಇದ್ದರು.

ಮರುದಿನ ಬೆಳಿಗ್ಗೆ ನನ್ನ ಮಗ ಬಿಸ್ಕತ್ತು ಕೇಳಿದ. ಊಟ ಆದ ಮೇಲೆ ಎಂದೆ. ಅವನು ಅಳಲಿಲ್ಲ. ಕಾಲು ನೆಲಕ್ಕೆ ಬಡಿಯಲೂ ಇಲ್ಲ. ನಿಧಾನವಾಗಿ ಆ ಕಡೆ ತಿರುಗಿ, ಎರಡು ಪುಟ್ಟ ಕೈಗಳನ್ನು ಹಿಂದೆ ಕಟ್ಟಿ, ಫ್ರಿಜ್ ನೋಡಿಕೊಂಡು ನಿಂತ. ಕರೆದರೆ ಇಲ್ಲ, ಮುದ್ದು ಮಾಡಿದರೆ ಇಲ್ಲ, ಕೊನೆಗೆ ಬಿಸ್ಕತ್ತು ಕೊಟ್ಟರೂ ಇಲ್ಲ. ಮಾತು ಸರಿಯಾಗಿ ಬಾರದ ಮಗು! ಬಿಸ್ಕತ್ತು ನನ್ನ ಕೈಯಲ್ಲೇ ಉಳಿಯಿತು.

ಸಂಜೆ ಗಂಡನಿಗೆ ಹೇಳಿದೆ. ಇವರು ಲಿಫ್ಟ್ ರಿಪೇರಿ ಕಂಪನಿಯಲ್ಲಿದ್ದಾರೆ. ನಡುವೆ ನಿಂತ ಲಿಫ್ಟುಗಳಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವುದೇ ಕೆಲಸ.

"ರೀ, ಬೇರೆ ಮನೆ ಮಾಡೋಣ. ಒಂದು ರೂಮಾದ್ರೂ ಪರವಾಗಿಲ್ಲ."

"ಅಮ್ಮನ್ನ ಆ ಬೆನ್ನಿನ ಜೊತೆ ಒಬ್ಬಳನ್ನೇ ಬಿಟ್ಟಾ?" ಸಾಕ್ಸ್ ಬಿಚ್ಚುತ್ತಾ ಹೇಳಿದರು. "ನಾನು ಫುಟ್‌ಬಾಲ್ ಬಿಡ್ತೀನಿ ಅಂದಾಗ ಅಪ್ಪ ಒಂದು ವರ್ಷ ನನ್ನ ಮುಖ ನೋಡಲಿಲ್ಲ. ನಾನೇನು ಸತ್ತೆನಾ? ಅಭ್ಯಾಸ ಆಗುತ್ತೆ ಬಿಡು."

ಸತ್ತಿದ್ದರೆ ಅಳಬಹುದಿತ್ತು. ಅಭ್ಯಾಸ ಆಗುತ್ತೆ ಎಂದರಲ್ಲ, ಅದಕ್ಕೆ ಏನು ಮಾಡುವುದು?

ಕೊನೆಯ ಪಂದ್ಯದ ದಿನ ಅತ್ತೆ ಬೆಳಗಿನಿಂದಲೇ ಪಾತ್ರೆಗಳನ್ನು ಸದ್ದು ಮಾಡದೆ ಇಡುತ್ತಿದ್ದರು. ಮಾವ ಬೂಟಿಗೆ ಪಾಲಿಶ್ ಹಾಕಿದರು, ಒರೆಸಿದರು, ಮತ್ತೆ ಹಾಕಿದರು. ನಾನು ಮಗನನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತೆ. ಮನೆ ಉಳಿಯುತ್ತದೋ ಹೋಗುತ್ತದೋ ಎಂಬುದು ಎದುರಿಗೇ ನಡೆಯುತ್ತಿರುವಾಗ ಒಳಗೆ ಕೂರುವುದು ಹೇಗೆ?

ಅವತ್ತು ಕೊಕ್ಕರೆ ಬೇರೆಯೇ ಆಗಿದ್ದ. ಮೇಲೆ ಬಂದದ್ದನ್ನು ಹಿಡಿದ, ಕೆಳಗೆ ಬಂದದ್ದಕ್ಕೆ ಮೈ ಹಾಸಿದ. ಒಮ್ಮೆಯಂತೂ ಮೂಲೆಗೆ ಹೋಗುತ್ತಿದ್ದ ಚೆಂಡನ್ನು ಬೆರಳ ತುದಿಯಲ್ಲಿ ಹೊರದಬ್ಬಿದ. ಎದುರಾಳಿಗಳೇ ಚಪ್ಪಾಳೆ ತಟ್ಟಿದರು. ಪ್ರತಿ ಸಲವೂ ಏಳುತ್ತಿದ್ದಂತೆ ಗೆರೆಯ ಕಡೆ ನೋಡುತ್ತಿದ್ದ. ಅಲ್ಲಿ ಬೆನ್ನು. ಮಾವ ಕಣ್ಣು ಮುಚ್ಚಿ ನಮ್ಮ ಕಿಟಕಿಗೆ ಮುಖ ಮಾಡಿ ನಿಂತಿದ್ದರು, ಹಣೆಯಿಂದ ಬೆವರು ಇಳಿಯುತ್ತಿತ್ತು. ಇಬ್ಬರನ್ನೂ ನೋಡುತ್ತಿದ್ದವಳು ನಾನು. ಅವನು ಹಿಡಿದದ್ದೂ ನನಗೆ ಕಾಣುತ್ತಿತ್ತು, ಇವರು ನಡುಗುವುದೂ ಕಾಣುತ್ತಿತ್ತು.

"ತಾತ," ಎಂದ ಮಗ. ಮತ್ತೆ ಜೋರಾಗಿ, "ತಾತಾ!"

ಮಾವ ಕಣ್ಣು ತೆರೆಯಲಿಲ್ಲ. ಮಗ ತಾತನ ಮುಖವನ್ನೇ ನೋಡುತ್ತಿದ್ದ, ಚಿತ್ರದ ಪುಸ್ತಕ ನೋಡುವ ಹಾಗೆ. ನೋಡುತ್ತಾ ನೋಡುತ್ತಾ ಅವನ ಭುಜಗಳೂ ಮೆಲ್ಲಗೆ ಕಿವಿಯ ಕಡೆ ಏರಿದವು.

ನಾನು ಕಿಟಕಿ ಮುಚ್ಚಿಬಿಟ್ಟೆ. ಮರದ ಬಾಗಿಲು ಎರಡೂ ಫಟಾರೆಂದು ಬಡಿದುಕೊಂಡವು. ಅಗುಳಿ ಹಾಕಿದೆ.

ಅಡುಗೆಮನೆ ಕತ್ತಲಾಯಿತು. ಅತ್ತೆ ಒಲೆಯ ಪಕ್ಕದಿಂದ, "ಯಾಕಮ್ಮ?" ಎಂದರು. ನಾನು ಮಗನನ್ನು ಕೆಳಗಿಳಿಸಿದೆ. ಈಗ ನನಗೂ ಬರೀ ಸದ್ದು. ಶಿಳ್ಳೆ, ಬೂಟುಗಳ ಧಡಧಡ, ಯಾರೋ "ಬಿಡಬೇಡ, ಬಿಡಬೇಡ" ಎಂದು ಕೂಗಿದ್ದು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಹರ್ಷೋದ್ಗಾರ. ಆದರೆ ಅದು ಬಂದದ್ದು ಆ ಕಡೆಯಿಂದ, ಎದುರಾಳಿಗಳ ಬೆಂಬಲಿಗರು ಕೂತ ಕಡೆಯಿಂದ.

ಅತ್ತೆ ಒಲೆ ಆರಿಸಿದರು. "ಮನೆ ಖಾಲಿ ಮಾಡೋಕೆ ರಟ್ಟಿನ ಡಬ್ಬ ಎಲ್ಲಿ ಸಿಗುತ್ತೆ?" ಎಂದು ಕೇಳಿದರು.

ಏನಾಯಿತು ಎಂದು ಹೇಳಿದ್ದು ಟೈರ್ ಅಂಗಡಿಯವನು. ಪಂದ್ಯ ಮುಗಿದ ಮೇಲೆ ಬಾಗಿಲಿಗೆ ಬಂದ, ಒಳಗೆ ಬರಲಿಲ್ಲ. "ಸಾರ್ ತಿರುಗಿದ್ರು ಕಣಮ್ಮ. ಏನೋ ಬಾಗಿಲು ಬಡಿದ ಸದ್ದಿಗೆ ಕಣ್ಣು ಬಿಟ್ರು, ಎದುರಿಗಿದ್ದ ಕಿಟಕಿ ಮುಚ್ಚಿತ್ತು. ಎಲ್ಲಿ ನೋಡೋದು ಅನ್ನೋ ಹಾಗೆ ಸ್ವಲ್ಪ ಹೊತ್ತು ನಿಂತ್ರು. ಆಮೇಲೆ ಮೈದಾನದ ಕಡೆ ತಿರುಗಿದ್ರು. ಕೊಕ್ಕರೆ ನೋಡಿಬಿಟ್ಟ! ಇಡೀ ವರ್ಷ ಕಾದಿದ್ದನಲ್ಲ, ಎದೆ ಮೇಲೆ ಕೈ ಇಟ್ಕೊಂಡು ಸಾರ್ ಮುಖಾನೇ ನೋಡ್ತಾ ನಿಂತ. ಚೆಂಡು ಪಕ್ಕದಲ್ಲೇ ಹೋಯ್ತು. ಅವನಿಗೆ ಗೊತ್ತೇ ಆಗಲಿಲ್ಲ."

ಬೆನ್ನು ಹಾಕಿದ್ದರೆ ಡ್ರಾ ಆಗುತ್ತಿತ್ತೇನೋ. ಎಷ್ಟೋ ವರ್ಷ ಬೆನ್ನು ಹಾಕಿ ಸೋತವರು, ತಿರುಗಿ ನಿಂತೂ ಸೋತರು.

ಮಾವ ಕತ್ತಲಾಗುವ ಮುನ್ನ ಮನೆಗೆ ಬಂದರು. ಬೂಟು ಬಿಚ್ಚಿ ಜಾಗದಲ್ಲಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು:

"ಕಿಟಕಿ ಯಾಕೆ ಮುಚ್ಚಿದೆ?"

"ಮಗು ನೋಡ್ತಿತ್ತು, ಮಾವ."

"ಏನು ನೋಡ್ತಿತ್ತು?"

"ನಿಮ್ಮ ಮುಖ."

ಈಗ ತಿರುಗುತ್ತಾರೆ, ಇನ್ನು ಮೇಲೆ ನನ್ನ ಪಾಲಿಗೂ ಬೆನ್ನೇ ಎಂದುಕೊಂಡೆ. ತಿರುಗಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದು ಹಾಗೇ ನಿಂತರು.

"ಗೋಲು ಆಗೋದನ್ನ ಕಣ್ಣಾರೆ ನೋಡಿ ಎಷ್ಟು ವರ್ಷ ಆಗಿತ್ತೋ," ಎಂದರು. "ಚೆನ್ನಾಗಿತ್ತು. ಎಡಗಾಲಲ್ಲಿ ಹೊಡೆದ." ಆಮೇಲೆ, "ನಮ್ಮ ಡಿಫೆಂಡರ್ ನಿಜವಾಗ್ಲೂ ಕುಂಟ್ತಾನೆ," ಎಂದರು.

ಆಡಳಿತ ಮಂಡಳಿ ಹಾವೂ ಸಾಯದ, ಕೋಲೂ ಮುರಿಯದ ತೀರ್ಮಾನ ಮಾಡಿತು. ಕೋಚ್ ಕೆಲಸದಿಂದ ತೆಗೆದರು. ಆದರೆ ಮೈದಾನ ನೋಡಿಕೊಳ್ಳಲು ಬೇರೆ ಯಾರೂ ಸಿಗಲಿಲ್ಲ. ನಿವೃತ್ತಿಯವರೆಗೆ ಗೆರೆ ಹಾಕಿಸಿಕೊಂಡು, ಬಲೆ ಕಟ್ಟಿಸಿಕೊಂಡು ಕ್ವಾರ್ಟರ್ಸಿನಲ್ಲೇ ಇರಿ ಎಂದರು. ಅತ್ತೆ ತಂದ ರಟ್ಟಿನ ಡಬ್ಬಗಳು ಮಂಚದ ಕೆಳಗೆ ಹೋದವು. ಹೊರಡುವಂತೆಯೂ ಇಲ್ಲ, ನೆಮ್ಮದಿಯಾಗಿ ಇರುವಂತೆಯೂ ಇಲ್ಲ. ಒಂದು ವರ್ಷದ ಮಟ್ಟಿಗೆ ಅದೇ ಮೈದಾನ, ಅದೇ ಕಿಟಕಿ, ಮಾವ ಮಾತ್ರ ಕಿಟಕಿಯ ಈ ಕಡೆ.

ಹೊಸ ಕೋಚ್ ಸ್ವಂತ ಮನೆಯವನು, ಬೈಕಿನಲ್ಲಿ ಬರುತ್ತಾನೆ. ಬೆನ್ನು ಹಾಕುವುದಿಲ್ಲ, ಬಾಯಿ ಹಾಕುತ್ತಾನೆ. ಸಂಜೆಯ ಅಭ್ಯಾಸ ಶುರುವಾದರೆ ಅವನ ಮಾತುಗಳು ನೇರ ನಮ್ಮ ಅಡುಗೆಮನೆಗೆ ಬಂದು ಬೀಳುತ್ತವೆ. ಕೊಕ್ಕರೆಯ ವಂಶವನ್ನೆಲ್ಲ ಜಾಲಾಡುತ್ತಾನೆ. ನನ್ನ ಮಗ ಅದರಲ್ಲಿ ಎರಡು ಪದ ಕಲಿತಾಗಿದೆ, ಅರ್ಥ ಗೊತ್ತಿಲ್ಲದೆ ಬೆಕ್ಕಿಗೆ ಹೇಳುತ್ತಾನೆ. ಬೆನ್ನೇ ವಾಸಿಯಿತ್ತೇನೋ ಎಂದು ಒಮ್ಮೊಮ್ಮೆ ಅನ್ನಿಸಿ, ಅನ್ನಿಸಿದ್ದಕ್ಕೇ ಹೆದರಿಕೆಯಾಗುತ್ತದೆ.

ಮಾವ ದಿನವೂ ಆ ಹೊತ್ತಿಗೆ ಕುರ್ಚಿ ತಂದು ಕಿಟಕಿಗೆ ಎದುರಾಗಿ ಹಾಕಿಕೊಳ್ಳುತ್ತಾರೆ. ನನಗೆ ಒಲೆಯ ಹತ್ತಿರ ಹೋಗಲು ಜಾಗವಿರುವುದಿಲ್ಲ, ಅವರ ಮಂಡಿ ದಾಟಿಕೊಂಡೇ ಓಡಾಡಬೇಕು. ಸರಳುಗಳನ್ನು ಹಿಡಿದು, ಮೈದಾನಕ್ಕೆ ಮುಖ ಮಾಡಿ ಕೂತಿರುತ್ತಾರೆ. ಯಾರಾದರೂ ಚೆಂಡಿನೊಂದಿಗೆ ಗೋಲಿನ ಕಡೆ ಓಡಿ ಬಂದಾಗ ಭುಜ ಈಗಲೂ ಏರುತ್ತದೆ. ಕಣ್ಣು ಮಾತ್ರ ಮುಚ್ಚುವುದಿಲ್ಲ.

ನಿನ್ನೆ ಹೊಸ ಕೋಚ್‌ನ ಬಾಯಿ ತೀರಾ ಹೊಲಸಾಗಿತ್ತು. ಮಗ ತಾತನ ತೊಡೆಯ ಮೇಲಿದ್ದ. ಮಾವ ಅವನ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿದ್ದರು. ಇನ್ನೊಂದು ಕಿವಿ ಖಾಲಿ.

"ಮಾವ, ಕಿಟಕಿ ಮುಚ್ಚಲಾ?" ಎಂದೆ.

"ಬೇಡಮ್ಮ," ಎಂದರು, ಹೊರಗಿನಿಂದ ಕಣ್ಣು ತೆಗೆಯದೆ. "ಕೊಕ್ಕರೆ ಈ ಕಡೆ ನೋಡ್ತಾನೆ."